ಮಲಗಿದ ಕೂಸಿನ ಪಕ್ಕ ಬತ್ತಳಿಕೆ

ಬೆಳಕು ಹರಿಯುವ ಮೊದಲು ನನ್ನ ಅತ್ತಿಗೆ ಮೋಮಿ ಮಾಡಿ ಮುಗಿಸುವ ಕೆಲಸಗಳು ಇವು. ಅಕ್ಕಿ ತೊಳೆದು ಕುಕ್ಕರಿಗೆ ಹಾಕುವುದು. ಹಾಸಿಗೆ ಹಿಡಿದಿರುವ ನನ್ನ ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸಿ ಬೆನ್ನಿಗೆ ಎಣ್ಣೆ ಸವರುವುದು. ಒದ್ದೆ ದುಪ್ಪಟಿ ತೆಗೆದು ಒಣಗಿದ್ದನ್ನು ಹಾಸುವುದು. ಕೋಳಿ ಬಿಡುವುದು. ನನ್ನ ಅಣ್ಣ ಹನಾಲೆಯ ಬುತ್ತಿಗೆ ಒಣಮೀನು ಹುರಿಯುವುದು, ಅವನ ಬೂಟಿನೊಳಗಿನ ಕೆಂಪು ಮಣ್ಣನ್ನು ಮೆಟ್ಟಿಲಿಗೆ ಬಡಿದು ಕೊಡವುವುದು. ಮೊಮ್ಮಗಳು ಲಿಕೋಳ ಹಾಲಿನ ಬಾಟಲಿ ಕುದಿಸಿ ಇಡುವುದು; ಆ ಕೂಸಿನ ತಾಯಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಇಷ್ಟಾದ ಮೇಲೆ, ಅನ್ನ ಬೇಯುವುದಕ್ಕೂ ಮನೆ ಏಳುವುದಕ್ಕೂ ನಡುವೆ ಒಂದು ಚೂರು ಹೊತ್ತು ಉಳಿಯುತ್ತದೆ. ಆ ಚೂರು ಅವಳದು. ಆಗ ಅವಳು ಬಿಲ್ಲು ತೆಗೆದುಕೊಂಡು ಗೆಣಸಿನ ಹೊಲದ ಅಂಚಿನಲ್ಲಿ ನಡೆದು ಗಾಳಿಮರಗಳ ಸಾಲಿನ ಕಡೆ ಹೋಗುತ್ತಾಳೆ.

ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮೊಲೊಕಾಯಿ ದ್ವೀಪದಲ್ಲಿ ಮೀನಿಗೋ ಬೇಟೆಗೋ ಹೊರಟವರನ್ನು ಹಾಗೆ ಕೇಳಬಾರದು. ಹೊರಟವರೂ ಹೇಳಬಾರದು. ‘ಸುಮ್ಮನೆ ಸುತ್ತಾಡಿ ಬರ್ತೀನಿ’ ಎನ್ನಬೇಕು. ಹೆಸರಿಟ್ಟು ಹೇಳಿದರೆ ಗಾಳಿ ಅದನ್ನು ಹೊತ್ತುಕೊಂಡು ಹೋಗಿ ಆ ಪ್ರಾಣಿಯ ಕಿವಿಗೇ ಹಾಕುತ್ತದೆ. ನಾವಿರುವ ಹೋಓಲೆಹುವಾದಲ್ಲಿ ಹಗಲೂ ರಾತ್ರಿಯೂ ಗಾಳಿ ಬೀಸುತ್ತಲೇ ಇರುವುದರಿಂದ ಈ ಮಾತನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗೂ ಬಂದಿಲ್ಲ.

ಬಿಲ್ಲು ಮೊದಲು ಅಣ್ಣನದಾಗಿತ್ತು. ಎರಡು ತುದಿಗೂ ರಾಟೆ ಇರುವ ಈ ಕಾಲದ ಬಿಲ್ಲು. ಒಂದು ಮಳೆಗಾಲ ಆಡಿ ಗ್ಯಾರೇಜಿನ ಮೊಳೆಗೆ ನೇತುಹಾಕಿದ, ಮತ್ತೆ ಕೋವಿಗೇ ಮರಳಿದ. ಕೋವಿಯ ಬೇಟೆ ಗಂಡಸರಿಗೆ ಹೊಂದುತ್ತದೆ. ಟ್ರಕ್ಕು ಬೇಕು, ಗೆಳೆಯರು ಬೇಕು, ದ್ವೀಪದ ಪಶ್ಚಿಮಕ್ಕೆ ಹೋಗಿ ಬರಲು ಇಡೀ ದಿನ ಬೇಕು. ಐದು ಮಕ್ಕಳ ತಾಯಿಗೆ ಇಡೀ ದಿನ ಯಾರು ಕೊಡುತ್ತಾರೆ? ಮನೆಗಳ ಹತ್ತಿರ ಗುಂಡು ಹಾರಿಸುವಂತಿಲ್ಲ. ಬಾಣಕ್ಕೆ ಆ ತಕರಾರಿಲ್ಲ. ಗೆಣಸು ತಿನ್ನಲು ಚುಕ್ಕೆ ಜಿಂಕೆಗಳು ತಾವಾಗಿಯೇ ಹಿತ್ತಿಲಿಗೆ ಬರುತ್ತಿದ್ದವು. ಒಂದು ಬೆಳಿಗ್ಗೆ ಮೋಮಿ ಮೊಳೆಯಿಂದ ಬಿಲ್ಲು ಇಳಿಸಿಕೊಂಡಳು. ತಿರುಪು ಸಡಿಲಿಸಿ ತನ್ನ ತೋಳಿಗೆ ಬಗ್ಗುವಷ್ಟು ಮಾಡಿಕೊಂಡಳು. ಹಳೆ ಹಾಸಿಗೆಗೆ ಗುರಿಯಿಟ್ಟು ಕಲಿತಳು. ಮಕ್ಕಳು ಶಾಲೆಗೆ ಕಟ್ಟಿಕೊಂಡು ಹೋದ ಒಣಮಾಂಸದ ಪಟ್ಟಿಗಳಲ್ಲಿ ಬಹುಪಾಲು ಅವಳು ಹೊಡೆದದ್ದೇ. ಆದರೂ ಊರಿನ ಬಾಯಲ್ಲಿ ಅದು ‘ಹನಾಲೆ ಮನೆ ಮಾಂಸ’.

ಬಾಣ ಇಟ್ಟುಕೊಳ್ಳಲು ಅವಳ ಬಳಿ ಇದ್ದದ್ದು ನೀರಿನ ಪ್ಲಾಸ್ಟಿಕ್ ಪೈಪಿನ ತುಂಡು. ತಳಕ್ಕೆ ಹರಕು ಕಾಲುಚೀಲ ತುರುಕಿ, ಹಳೆ ಬಟ್ಟೆಯ ಪಟ್ಟಿಯಿಂದ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದಳು. ವರ್ಷಗಟ್ಟಲೆ ಬಿಸಿಲಿಗೆ ಬೆಂದ ಪೈಪು ಈ ಬೇಸಿಗೆಯಲ್ಲಿ ಬೇಲಿ ದಾಟುವಾಗ ಸೀಳಿ, ಒಳಗಿದ್ದ ಬಾಣದ ಅಲಗು ಅವಳ ತೊಡೆಯನ್ನು ಉದ್ದಕ್ಕೆ ಕೊಯ್ದಿತು. ರಕ್ತ ನೋಡಿ ಅಣ್ಣ ಬಿಳಿಚಿಕೊಂಡ. ಹೊಲಿಗೆ ಹಾಕಿಸಿಕೊಂಡು ಬಂದವಳು ನೇರ ಒಲೆಯ ಮುಂದೆ ನಿಂತಾಗ ಅವನು ಒಂದೇ ಮಾತು ಹೇಳಿದ: “ಸರಿಯಾದ ಬತ್ತಳಿಕೆ ಬರೋತನಕ ನೀನು ಸುತ್ತಾಡೋಕೆ ಹೋಗೋ ಹಾಗಿಲ್ಲ.”

ಅದು ಕೆಟ್ಟ ಹೊತ್ತಿನಲ್ಲಿ ಬಂದ ಮಾತು. ಲಿಕೋಳ ಮೊದಲ ಹುಟ್ಟುಹಬ್ಬದ ಊಟ ಹತ್ತಿರವಿತ್ತು. ನಮ್ಮಲ್ಲಿ ಮದುವೆಗಿಂತ ಮೊದಲ ವರ್ಷದ ಊಟ ದೊಡ್ಡದು. ಊರಿಗೆ ಊರೇ ಬರುತ್ತದೆ. ಎಲೆ ಮುಂದೆ ಕೂತ ಮೇಲೆ ನಮ್ಮ ದೊಡ್ಡಣ್ಣ ಇಸಾಕಾ ಎದ್ದು ನಿಂತು, ಯಾರು ಏನು ತಂದರೆಂದು ಹೆಸರು ಕೂಗುತ್ತಾನೆ. ಹಂದಿ ಇಂಥವರದು, ಮೀನು ಇಂಥವರದು, ಮಾಂಸ ಇಂಥವರದು. ಕೂಗಿದ ಹೆಸರನ್ನು ಕೂಸಿನ ಜೊತೆ ಸೇರಿಸಿ ಜನ ಬಾಳುವಷ್ಟು ದಿನ ನೆನಪಿಡುತ್ತಾರೆ. ಕೊನೆಗೆ ‘ಮತ್ತೆ ಅಡುಗೆಮನೆ ಹೆಂಗಸರಿಗೂ’ ಎಂದು ಚಪ್ಪಾಳೆ ತಟ್ಟಿಸುತ್ತಾನೆ. ಮೋಮಿ ತನ್ನ ಐದೂ ಮಕ್ಕಳ ಊಟದಲ್ಲಿ ಆ ಚಪ್ಪಾಳೆಯೊಳಗೆ ಇದ್ದವಳು. ಈ ಸಲ ಅಮ್ಮನ ಬೆನ್ನು ತಿಕ್ಕುತ್ತ, ನನಗೂ ಕೇಳುವ ಹಾಗೆ, “ಲಿಕೋ ಊಟದ ಜಿಂಕೆ ನಂದು” ಎಂದಿದ್ದಳು. ಅಷ್ಟೇ. ಮತ್ತೆ ಆ ಮಾತೆತ್ತಲಿಲ್ಲ.

ಬತ್ತಳಿಕೆ ಆರಿಸಲು ಗಂಡಸರು ಗ್ಯಾರೇಜಿನಲ್ಲಿ ಸಭೆ ಸೇರಿದರು. ಮೇಜಿನ ಮೇಲೆ ಮೂರು ಇದ್ದವು. ಇಸಾಕಾ ದೊಡ್ಡಣ್ಣ ತಂದದ್ದು ಬೆನ್ನಿಗೆ ಹಾಕಿಕೊಳ್ಳುವಂಥದು. ಪಕ್ಕದ ಹೊಲದ ಫಿಲಿಪಿನೋ ಮುದುಕ ಫ್ಲೋರೋ ತಂದದ್ದು ಸೊಂಟಕ್ಕೆ ಕಟ್ಟುವ ಚರ್ಮದ್ದು. ಹನಾಲೆ ಹೊನೊಲುಲುವಿನಿಂದ ತರಿಸಿದ್ದು ಬಿಲ್ಲಿಗೇ ತಿರುಪಿನಿಂದ ಕೂರಿಸುವಂಥದು, ಹೊಚ್ಚಹೊಸದು.

“ಬತ್ತಳಿಕೆ ಅಂದ್ರೆ ಬೆನ್ನಿಗೇ,” ಅಂದ ದೊಡ್ಡಣ್ಣ. “ಕೈ ಹಿಂದಕ್ಕೆ ಹಾಕಿದ್ರೆ ಬಾಣ, ಮುಂದಕ್ಕೆ ಹಾಕಿದ್ರೆ ಜಿಂಕೆ.”

“ಹಿಂದಕ್ಕೆ ಹಾಕಿದ್ರೆ ನಿನಗೆ ಭುಜ ಹಿಡ್ಕೊಳ್ಳತ್ತೆ,” ಅಂದ ಫ್ಲೋರೋ. “ಹೋದ ವರ್ಷ ಅಂಗಿ ತೊಡಿಸೋಕೂ ಹೆಂಡ್ತಿ ಬೇಕಾಗಿತ್ತು. ಅದನ್ನ ಹಾಕ್ಕೊಂಡು ಕಿಯಾವೆ ಮುಳ್ಳೊಳಗೆ ಬಗ್ಗಿ ನೋಡು, ಬಾಣ ಎಲ್ಲ ತಲೆ ಮೇಲಿಂದ ಸುರಿಯತ್ತೆ, ಮದುವೇಲಿ ಅಕ್ಕಿ ಎರಚಿದ ಹಾಗೆ.”

“ಅದಕ್ಕೇ ನಾನು ಬಿಲ್ಲಿಗೆ ಕೂರೋದು ತರಿಸಿದ್ದು,” ಅಂದ ಹನಾಲೆ. “ಬಾಣ, ಬಿಲ್ಲು ಎಲ್ಲ ಒಂದೇ ಕೈಲಿ. ನೋಡಿ, ಅಲಗಿಗೆ ಗಟ್ಟಿ ಟೋಪಿ. ಇನ್ನು ತೊಡೆ ಸೀಳೋ ಮಾತೇ ಇಲ್ಲ.”

“ಟೋಪಿ ಚೆನ್ನಾಗಿದೆ,” ಅಂದ ಫ್ಲೋರೋ. “ಆದ್ರೆ ಬಿಲ್ಲಿಗೆ ಅಷ್ಟು ಗರಿ ಕಟ್ಟಿ ಈ ಗಾಳೀಲಿ ನಿಲ್ಲಿಸಿದ್ರೆ, ಮೋಮೀನ ಆಮೇಲೆ ಲಾನಾಯಿ ದ್ವೀಪದಲ್ಲಿ ಹುಡುಕ್ಬೇಕು ನೀನು.”

“ನಿನ್ನ ಚರ್ಮದ ಚೀಲಕ್ಕೆ ನಿನ್ನಷ್ಟೇ ವಯಸ್ಸಾಗಿದೆ. ನಿನ್ನ ಹಾಗೇ ನರಳತ್ತೆ.”

ಮೋಮಿ ಹುರಿದ ಮೀನಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಎಲ್ಲಿಡ್ಲಿ ಇದನ್ನ? ಮೇಜಿನ ತುಂಬ ಬತ್ತಳಿಕೆ.”

“ನಿನಗೋಸ್ಕರಾನೇ ಕಣೆ ಮಾತಾಡ್ತಿರೋದು,” ಅಂದ ಅಣ್ಣ.

“ಗೊತ್ತಾಯ್ತು. ನನ್ನೊಬ್ಬಳನ್ನ ಬಿಟ್ಟು ಎಲ್ಲರೂ ಮಾತಾಡ್ತಿದೀರಲ್ಲ, ಮುಂದುವರ್ಸಿ. ಮೀನು ಆರತ್ತೆ, ಮೊದಲು ತಿನ್ನಿ.”

ಶನಿವಾರ ಮಧ್ಯಾಹ್ನ ನಾನು ದೊಡ್ಡ ಪಾತ್ರೆ ಕೇಳಲು ಅವರ ಮನೆಗೆ ಹೋದೆ. ಒಳಕೋಣೆಯಲ್ಲಿ ಅಮ್ಮ ಮಂಚದ ಮೇಲೆ, ಲಿಕೋ ಕೆಳಗೆ ಚಾಪೆಯ ಮೇಲೆ, ಇಬ್ಬರೂ ಮಲಗಿದ್ದರು. ಕೂಸಿನ ಪಕ್ಕದಲ್ಲಿ ಮೋಮಿ ಮೊಣಕಾಲೂರಿ ಕೂತಿದ್ದಳು, ಮುಂದೆ ಮೂರೂ ಬತ್ತಳಿಕೆ. ಅಲಗು ಬಿಚ್ಚಿ ಪಕ್ಕಕ್ಕಿಟ್ಟಿದ್ದಳು. ಬರಿಯ ಬಾಣದ ಕಡ್ಡಿಗಳು. ನನ್ನನ್ನು ಕಂಡು ತುಟಿಗೆ ಬೆರಳಿಟ್ಟಳು.

“ಏನಿದು ಅತ್ತಿಗೆ?” ಎಂದು ಪಿಸುಗುಟ್ಟಿದೆ.

“ಜಿಂಕೆ ಕಿವಿ ಎಲ್ಲಿಂದ ತರ್ಲಿ ಹೋಕೂ? ಮನೇಲಿರೋದು ಇದೊಂದೇ,” ಎಂದಳು ನನ್ನ ಹೆಸರು ಹಿಡಿದು, ಕೂಸಿನ ಕಿವಿ ತೋರಿಸುತ್ತ.

ಬೆನ್ನಿನದನ್ನು ಹಾಕಿಕೊಂಡು ಸ್ವಲ್ಪ ಬಗ್ಗಿದಳು. ಬಾಣಗಳು ಒಂದಕ್ಕೊಂದು ತಾಗಿ ಡಬ್ಬಿಯೊಳಗಿನ ಚಮಚಗಳ ಹಾಗೆ ಸದ್ದು ಮಾಡಿದವು. ಕೂಸಿನ ರೆಪ್ಪೆ ನಡುಗಿತು. ಮೋಮಿ ಅದನ್ನು ಇಳಿಸಿ ಗೋಡೆಗೆ ಒರಗಿಸಿಟ್ಟಳು. ಅಣ್ಣನದನ್ನು ಕೈಗೆತ್ತಿಕೊಂಡು, ರಬ್ಬರಿನ ಹಿಡಿತದಿಂದ ಬಾಣವನ್ನು ಎಷ್ಟು ಮೆಲ್ಲಗೆ ಬಿಡಿಸಿದರೂ ಕೊನೆಗೆ ‘ಟಪ್’ ಎಂದಿತು. ಲಿಕೋ ಎರಡೂ ಕೈ ಎತ್ತಿ ಬೆಚ್ಚಿಬಿದ್ದಳು. ಮೋಮಿ ಎದೆಯ ಮೇಲೆ ಅಂಗೈಯಿಟ್ಟು ಅವಳು ಮತ್ತೆ ನಿದ್ದೆಗೆ ಇಳಿಯುವವರೆಗೂ ಹಾಗೇ ಇದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಮೂರನೆಯದು ಫ್ಲೋರೋನ ಚರ್ಮದ್ದು. ಅದರ ಒಳಗೆ ಅವಳು ಆಗಲೇ ಲಿಕೋಗೆ ಗಿಡ್ಡವಾದ ಮೆತ್ತನೆಯ ಅಂಗಿಯೊಂದನ್ನು ಹೊಲಿದಿದ್ದಳು, ಹೊರಗೆ ಕೊಬ್ಬರಿ ಎಣ್ಣೆ ಉಜ್ಜಿದ್ದಳು. ಗಂಡಸರು ಬತ್ತಳಿಕೆಯಿಂದ ಬಾಣ ತೆಗೆಯುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅವರು ಎಳೆಯುತ್ತಾರೆ. ಮೋಮಿ ಎಳೆಯಲಿಲ್ಲ. ಮಲಗಿದ ಮಗುವಿನ ಕುತ್ತಿಗೆಯಡಿಯಿಂದ ತೋಳು ಬಿಡಿಸಿಕೊಳ್ಳುವ ತಾಯಿ ಮೊದಲು ತೋಳನ್ನು ಅಲುಗಿಸುವುದಿಲ್ಲ, ಮಗುವಿನ ಉಸಿರಿಗೆ ಕಾಯುತ್ತಾಳೆ. ಅವಳು ಹಾಗೆ ಕಾದಳು. ಕೂಸಿನ ಉಸಿರು ಹೊರಹೋಗುವಾಗ ಬಾಣ ಬೆರಳಷ್ಟು ಮೇಲೆ ಬಂತು. ಉಸಿರು ಒಳಬರುವಾಗ ನಿಂತಿತು. ಮತ್ತೆ ಬಂತು. ಕೊನೆಗೆ ಇಡೀ ಬಾಣ ಅವಳ ಕೈಯಲ್ಲಿತ್ತು, ಅದು ಯಾವ ಗಳಿಗೆಯಲ್ಲಿ ಚರ್ಮವನ್ನು ಬಿಟ್ಟಿತೆಂದು ಎದುರಿಗೇ ನಿಂತಿದ್ದ ನನಗೆ ಗೊತ್ತಾಗಲಿಲ್ಲ. ಐದು ಮಕ್ಕಳನ್ನು ಹೀಗೆ ನಿದ್ದೆಯಲ್ಲಿ ಬಿಟ್ಟು ಎದ್ದು ಅನ್ನಕ್ಕಿಟ್ಟ ಕೈ ಅದು. ಅದಕ್ಕೆ ವಿದ್ಯೆ ಎಂಬ ಹೆಸರನ್ನು ನಮ್ಮಲ್ಲಿ ಯಾರೂ ಕೊಟ್ಟಿರಲಿಲ್ಲ.

“ನಾನೂ ಏಳಲಿಲ್ಲ ನೋಡು,” ಎಂದಳು ಅಮ್ಮ ಮಂಚದ ಮೇಲಿಂದ, ಕಣ್ಣು ಮುಚ್ಚಿಕೊಂಡೇ.

ಫ್ಲೋರೋನದನ್ನೇ ಒಯ್ಯುವುದೆಂದು ಮೋಮಿ ನಿಶ್ಚಯಿಸಿದಳು. ಆದರೆ ಅಣ್ಣನಿಗೆ ಹೇಳುವುದು ಹೇಗೆ? ಹೊನೊಲುಲುವಿನಿಂದ ಬಂದದ್ದನ್ನು ಅವನು ದಿನಕ್ಕೆರಡು ಸಲ ಬಟ್ಟೆಯಲ್ಲಿ ಒರೆಸುತ್ತಿದ್ದ. ಅವಳ ತೊಡೆಯ ಗಾಯ ಕಂಡು ಹೆದರಿದ ಹೆದರಿಕೆಯೆಲ್ಲ ಆ ವಸ್ತುವಿನಲ್ಲಿತ್ತು. “ಬೇಡ ಅಂದ್ರೆ ಬಾಯಿಬಿಟ್ಟು ಏನೂ ಅನ್ನಲ್ಲ,” ಎಂದಳು ನನ್ನೊಡನೆ. “ಒಂದು ವಾರ ಟೀವಿ ಜೋರಾಗಿ ಹಾಕ್ಕೊಂಡು ಕೂರ್ತಾನೆ.”

ಆ ಕಷ್ಟವನ್ನು ಅಣ್ಣನೇ ಬಿಡಿಸಿದ, ಇನ್ನೂ ದೊಡ್ಡದೊಂದನ್ನು ತಂದಿಟ್ಟು. ಭಾನುವಾರ ಚರ್ಚಿನಿಂದ ಹೊರಬಂದು ಎಲ್ಲರೂ ಅಂಗಳದಲ್ಲಿ ನಿಂತಿದ್ದಾಗ ಯಾರೋ ಬರುವ ಶನಿವಾರದ ಲಿಕೋ ಊಟದ ತಯಾರಿ ಕೇಳಿದರು. ಅಣ್ಣ ಹಿಗ್ಗಿ, ಗಂಟಲೆತ್ತಿ ಹೇಳಿಬಿಟ್ಟ: “ಶುಕ್ರವಾರ ಬೆಳಿಗ್ಗೆ ಜಿಂಕೆ ಹೊಡೆಯೋದು ನನ್ನ ಹೆಂಡ್ತಿ! ನಾನು ತರಿಸಿಕೊಟ್ಟ ಬತ್ತಳಿಕೇಲಿ!”

ಮುದುಕಿಯರ ಟೋಪಿಗಳನ್ನು ಹಾರಿಸುತ್ತ ಗಾಳಿ ನಮ್ಮ ನಡುವೆ ಹಾದು ಬೆಟ್ಟದ ಕೆಳಗೆ, ಹೊಲಗಳ ಕಡೆಗೆ, ಇಳಿದು ಹೋಯಿತು. ಅಣ್ಣ ಬಾಯಿಗೆ ಕೈ ಅಡ್ಡ ಹಿಡಿದ. ಹಿಡಿದದ್ದು ತಡವಾಗಿತ್ತು.

ಮೋಮಿ ಗಾಳಿ ಹೋದ ದಿಕ್ಕಿಗೇ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: “ಶುಕ್ರವಾರ ನಾನೆಲ್ಲೂ ಹೋಗಲ್ಲಪ್ಪ. ಬಟ್ಟೆ ಒಗೀಬೇಕು.”

“ಹೌದು ಹೌದು,” ಎಂದಳು ಒಬ್ಬ ಮುದುಕಿ, ಅದೇ ದಿಕ್ಕಿಗೆ. “ಶುಕ್ರವಾರ ಒಗೆಯೋ ದಿನ. ಕಂಬಳಿಗಳೂ ಇವೆ ಅವಳ ಮನೇಲಿ.”

“ಕಂಬಳಿ ಒಗೆದ್ರೆ ಸಂಜೆ ಆಗತ್ತೆ,” ಎಂದ ಫ್ಲೋರೋ, ಕೈಗಳನ್ನು ಬಾಯಿಯ ಎರಡೂ ಬದಿಗಿಟ್ಟು. ಹೀಗೆ ಆ ದಿನ ಇಡೀ ಊರು ನಿಂತು ಗಾಳಿಗೆ ಸುಳ್ಳು ಹೇಳಿತು. ಯಾರೂ ನಗಲಿಲ್ಲ.

ಆದರೆ ದೊಡ್ಡಣ್ಣ ಮೋಮಿಯ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಇನ್ನು ನಂಬಿಕೊಂಡು ಕೂರೋಕಾಗಲ್ಲ ತಂಗಿ. ಮಾಂಸ ಒಣಗೋಕೆ ಹೊತ್ತು ಬೇಕು. ಶುಕ್ರವಾರ ನಾವೇ ಪಶ್ಚಿಮಕ್ಕೆ ಸುತ್ತಾಡೋಕೆ ಹೋಗ್ತೀವಿ.” ಎಂದರೆ ಕೋವಿ, ಟ್ರಕ್ಕು, ಗಂಡಸರು. ಎಂದರೆ ಲಿಕೋಳ ಊಟದಲ್ಲಿ ಅವನು ಕೂಗುವುದು ತನ್ನ ಹೆಸರನ್ನೇ. ಮೋಮಿ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

ಮನೆಗೆ ಬಂದ ಮೇಲೆ ಅಮ್ಮ ತೀರ್ಪು ಕೊಟ್ಟಳು. “ನನ್ನ ಮಗ ಬಾಯಿಬಿಟ್ಟು ಎರಡು ಹೆಸರು ಹೇಳಿದಾನೆ. ಒಂದು ಶುಕ್ರವಾರ, ಇನ್ನೊಂದು ಅವನ ಬತ್ತಳಿಕೆ. ಎರಡನ್ನೂ ಮುಟ್ಬೇಡ. ಗುರುವಾರದ ಹೆಸರು ಯಾರೂ ಎತ್ತಿಲ್ಲ.”

“ಈಗ ನೀವೇ ಎತ್ತಿದ್ರಲ್ಲ ಅಮ್ಮಾ.”

“ಮುದುಕಿ ಮಾತನ್ನ ಮನೆಯವರೇ ಕೇಳಲ್ಲ, ಗಾಳಿ ಕೇಳತ್ತಾ?”

ಅಣ್ಣ ಬಾಗಿಲ ಹತ್ತಿರ ಕೂತು ಎಲ್ಲ ಕೇಳಿಸಿಕೊಂಡ. ಎದ್ದು ಹೋಗಿ ತನ್ನ ಬತ್ತಳಿಕೆಯನ್ನು ತಾನೇ ಗ್ಯಾರೇಜಿನ ಮೊಳೆಗೆ ನೇತುಹಾಕಿ ಬಂದ. ಟೀವಿ ಹಾಕಲಿಲ್ಲ.

ಗುರುವಾರ ನಸುಕಿನಲ್ಲಿ ಮೋಮಿ ಅವನ ಹೆಗಲು ಅಲುಗಿಸಿ “ಸುತ್ತಾಡಿ ಬರ್ತೀನಿ” ಎಂದಳಂತೆ. ನಾನು ಹಿತ್ತಿಲ ಬಾಗಿಲಲ್ಲಿ ಕಾಯುತ್ತಿದ್ದೆ. ಗಾಯ ಪೂರ್ತಿ ಮಾಯದ ಕಾಲು, ಒಬ್ಬಳೇ ಹೋಗಬಾರದೆಂದು ಅಣ್ಣ ನನ್ನನ್ನು ಒಪ್ಪಿಸಿದ್ದ. ಒಳಗಿನಿಂದ ಅವನ ದನಿ ಕೇಳಿಸಿತು:

“ಡೈಪರ್ ಎಲ್ಲಿಡ್ತೀಯ?”

“ಇಪ್ಪತ್ತು ವರ್ಷದಿಂದ ಇಟ್ಟ ಜಾಗದಲ್ಲೇ.”

“ಅದೆಲ್ಲಿ?”

“ಹುಡುಕು.”

ಹೊರಗೆ ಬಂದು ಇಬ್ಬರೂ ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟೆವು. ಏನೋ ಸರಿಯಿರಲಿಲ್ಲ. ಕಿವಿ ಮುಚ್ಚಿಹೋದ ಹಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು, ಗಾಳಿ ನಿಂತಿತ್ತು.

ಹೋಓಲೆಹುವಾದಲ್ಲಿ ಹುಟ್ಟಿದವರಿಗೆ ಮಾತ್ರ ಇದರ ಭಯ ತಿಳಿಯುತ್ತದೆ. ನಾವು ಮಾತು ಕಲಿತದ್ದೇ ಗಾಳಿಯ ಮೇಲೆ ಕೂಗಿ. ಗಾಳಿಮರಗಳ ಒಂದು ಸೂಜಿಯೆಲೆಯೂ ಅಲುಗುತ್ತಿರಲಿಲ್ಲ. ದೂರದಲ್ಲಿ, ಬಂಡೆಯ ಕೆಳಗಿನ ಕಡಲು ಉಸಿರಾಡುವುದು ಕೇಳಿಸುತ್ತಿತ್ತು; ಆ ಅಂಗಳದಿಂದ ಕಡಲು ಕೇಳುತ್ತದೆಂದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ. ಮೋಮಿ ಆಕಾಶ ನೋಡಿದಳು, ಮಣ್ಣು ನೋಡಿದಳು. ಚಪ್ಪಲಿ ಕಳಚಿಟ್ಟಳು. ನಾನೂ ಕಳಚಿದೆ.

ಹೊಲದ ತುದಿಯಲ್ಲಿ ಹಳೆಯ ಕಲ್ಲುಸಾಲಿದೆ, ಮೊಣಕಾಲೆತ್ತರದ್ದು. ಅದರ ಹಿಂದೆ ಕೂತೆವು. ಮೊದಲು ಏನೂ ಕಾಣಲಿಲ್ಲ. ಆಮೇಲೆ ನೆಲವೇ ಎದ್ದು ನಿಂತ ಹಾಗೆ, ಕೆಂಪು ಮಣ್ಣಿನಿಂದಲೇ ಬಿಡಿಸಿಕೊಂಡ ಹಾಗೆ, ಜಿಂಕೆಗಳು ಬಂದವು. ಒಂದು, ಆಮೇಲೆ ನಾಲ್ಕಾರು, ಆಮೇಲೆ ಎಣಿಸಲು ಆಗದಷ್ಟು. ಬೆನ್ನಿನ ಬಿಳಿ ಚುಕ್ಕೆಗಳು ಇನ್ನೂ ಆರದ ನಕ್ಷತ್ರಗಳ ಜೊತೆ ಬೆರೆತಿದ್ದವು. ಗೆಣಸಿನ ಬಳ್ಳಿ ಹರಿಯುವ ಸದ್ದು, ಜಗಿಯುವ ಸದ್ದು, ಒಂದರ ಹೊಟ್ಟೆಯೊಳಗಿನ ಗುಡುಗುಡು ಕೂಡ ಕೇಳಿಸಿತು. ಆಗ ನನಗೆ ಹೊಳೆಯಿತು: ನಮಗೆ ಇಷ್ಟು ಕೇಳಿಸಿದರೆ ಅವಕ್ಕೆ ನಾವು ಎಷ್ಟು ಕೇಳಿಸಬೇಡ!

ಗಂಡು ಜಿಂಕೆಯೊಂದು ಹಿಂಡಿನ ಆಚೆ ಬದಿಗಿತ್ತು, ಊಟಕ್ಕೆ ಸಾಲುವಂಥ ಮೈ. ಕಲ್ಲುಸಾಲಿನಿಂದ ಬಾಣ ಅಷ್ಟು ದೂರ ಹೋಗುವಂತಿರಲಿಲ್ಲ. ನಡುವೆ ಮರೆಯಿಲ್ಲದ ಬೋಳು ಮಣ್ಣು. ಮೋಮಿ ಮೊಣಕಾಲಿನ ಮೇಲೆ ಒಂದು ಹೆಜ್ಜೆ ಸರಿದಳು. ಸೊಂಟದ ಚರ್ಮ ಕಿರ್ ಎಂದಿತು. ಮನೆಯಲ್ಲಿ ಕೂಸನ್ನು ಎಬ್ಬಿಸದ ಸದ್ದು, ಒಣಗಿದ ಎಲೆಯೊಂದು ಮುದುಡಿದಷ್ಟು. ಒಂದು ಹೆಣ್ಣು ಜಿಂಕೆಯ ಕಿವಿ ನಮ್ಮ ಕಡೆ ತಿರುಗಿತು. ಜಗಿಯುವುದು ನಿಂತಿತು. ಬಹಳ ಹೊತ್ತಿನ ಮೇಲೆ ಆ ಕಿವಿ ಮೆಲ್ಲಗೆ ಅತ್ತ ತಿರುಗಿತು.

ಶನಿವಾರದ ಊಟದಲ್ಲಿ ಇಸಾಕಾ ದೊಡ್ಡಣ್ಣ ಎದ್ದು ನಿಂತದ್ದು, ಹಂದಿ ಮತ್ತು ಮೀನಿನ ಹೆಸರುಗಳಾದ ಮೇಲೆ ಗಂಟಲು ಸರಿಮಾಡಿಕೊಂಡು “ಜಿಂಕೆ, ಮೋಮಿ” ಎಂದು ಕೂಗಿದ್ದು, ಅವಳು ಅಡುಗೆಮನೆಯ ಕಿಟಕಿಯಲ್ಲಿ ಕೈ ಒರೆಸಿಕೊಳ್ಳುತ್ತ ಅದನ್ನು ಕೇಳಿದ್ದು, ಇದೆಲ್ಲ ಊರಿಗೆ ಗೊತ್ತಿರುವ ಸಂಗತಿ. ಊರು ನೋಡದಿದ್ದದ್ದು ಕಲ್ಲುಸಾಲಿನ ಹಿಂದಿನ ಆ ಗಳಿಗೆಯನ್ನು.

ಅವಳು ನನ್ನ ಕಡೆ ನೋಡಲಿಲ್ಲ. ಏನು ಮಾಡಲಿ ಎಂದು ಕಣ್ಣಲ್ಲೂ ಕೇಳಲಿಲ್ಲ. ಸೊಂಟದ ಪಟ್ಟಿಯ ಗಂಟಿಗೆ ಕೈ ಹೋಯಿತು. ಜಿಂಕೆಗಳು ಜಗಿಯುವಾಗ ಗಂಟು ಸಡಿಲವಾಯಿತು, ಅವು ತಲೆಯೆತ್ತಿದಾಗ ನಿಂತಿತು. ಬತ್ತಳಿಕೆಯನ್ನು ಬಿಚ್ಚಿ ಮಣ್ಣಿನ ಮೇಲೆ ಒರಗಿಸಿ, ಅದರಿಂದ ಒಂದು ಬಾಣ ತೆಗೆದಳು. ಇನ್ನೊಂದರ ಗರಿಯ ಮೇಲೆ ಅವಳ ಬೆರಳು ತಂಗಿತು. ಒಂದೇ ಬಾಣ ಗುರಿ ತಪ್ಪಿದರೆ ಇನ್ನೊಂದಿಲ್ಲ, ಜಿಂಕೆ ಬರೀ ಗಾಯಗೊಂಡರೆ ಅದರ ನೋವು ಮುಗಿಸಲೂ ಇನ್ನೊಂದಿಲ್ಲ, ಶುಕ್ರವಾರ ಗಂಡಸರದು. ಎರಡು ಒಯ್ದರೆ ಒಂದಕ್ಕೊಂದು ತಾಗಿ ಸದ್ದಾದೀತು. ಅವಳು ಬೆರಳು ತೆಗೆದಳು. ಒಂದನ್ನೇ ಹೆದೆಗೆ ಸಿಕ್ಕಿಸಿ, ಮೊಣಕೈ ಮೊಣಕಾಲುಗಳ ಮೇಲೆ, ಕಲ್ಲುಸಾಲು ದಾಟಿ ಆ ಬೋಳು ಕೆಂಪು ಮಣ್ಣಿಗೆ ಇಳಿದಳು.